ರೇಡಿಯೋ ಅಳಿಸಿದ ಊರು, ಕೇಳುಗರು ಉಳಿಸಿದ ಹೆಸರು



ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಗಣಿ ಊರು ಎಂದರೆ ಹೊಸದೇನಲ್ಲ. ರಾಯಚೂರು ಕಡೆಯವರಿಗೆ ಹಟ್ಟಿ ಗೊತ್ತು, ಕೋಲಾರದ ಕಡೆಯವರಿಗೆ ಕೆಜಿಎಫ್ ಗೊತ್ತು. ಇಲ್ಲಿಗೆ ಬಂದ ಮೇಲೆ ಸಿಂಗರೇಣಿ ಕಲ್ಲಿದ್ದಲು, ಕೊತ್ತಗೂಡೆಂ, ಯೆಲ್ಲಂದು ಎಂಬ ಹೆಸರುಗಳೂ ಕಿವಿಗೆ ಬಿದ್ದಿರುತ್ತವೆ. ಇಂಥ ಊರುಗಳ ದಿನಚರಿ ಎಲ್ಲಿ ಹೋದರೂ ಹೆಚ್ಚು ಕಡಿಮೆ ಒಂದೇ. ಸೈರನ್ ಕೂಗಿದಾಗ ಒಂದು ಪಾಳಿಯವರು ಕೆಳಗಿಳಿಯುತ್ತಾರೆ, ಇನ್ನೊಂದು ಪಾಳಿಯವರು ಮೇಲೆ ಬರುತ್ತಾರೆ. ಮನೆಯಲ್ಲಿರುವವರ ಭಯವೆಲ್ಲ ನೆಲದ ಕೆಳಗೆ ಇರುವವರ ಬಗ್ಗೆ. ಈ ಸಲ ನಿಮಗೆ ಪರಿಚಯಿಸುವ ಊರಿನಲ್ಲಿ ಆದದ್ದು ಅದಕ್ಕೆ ವಿರುದ್ಧ. ಅಲ್ಲಿ ಸಾವು ಗಣಿಯೊಳಗಿಂದ ಬರಲಿಲ್ಲ, ರಾತ್ರಿ ಮನೆಯ ಬಾಗಿಲು ತಟ್ಟಿ ಬಂತು.

ಊರಿನ ಹೆಸರು ಲಿದಿತ್ಸೆ. ಇಂಗ್ಲಿಷ್ ಅಕ್ಷರ ನೋಡಿ ಕೆಲವರು 'ಲಿಡೈಸ್' ಎಂದು ಓದುತ್ತಾರೆ. ಆ ನಾಡಿನವರ ಬಾಯಲ್ಲಿ ಅದು ಲಿದಿತ್ಸೆ. (ಉಚ್ಚಾರಣೆಯ ಬಗ್ಗೆ ರೇಡಿಯೋದವರಿಗೆ ಸ್ವಲ್ಪ ಚಪಲ ಜಾಸ್ತಿ, ಕ್ಷಮಿಸಿ.) ಇಂದಿನ ಚೆಕ್ ಗಣರಾಜ್ಯದಲ್ಲಿ, ರಾಜಧಾನಿ ಪ್ರಾಗ್‌ನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಚೆಕ್ ನಾಡು ಎಂದರೆ ಎಲ್ಲೋ ದೂರದ್ದು ಎನ್ನಿಸಬಹುದು. ಆದರೆ ನೀವು ಶಾಲೆಗೆ ಹಾಕಿಕೊಂಡು ಹೋದ ಬಾಟಾ ಬೂಟಿನ ಮೂಲ ಕಂಪನಿ ಆ ನಾಡಿನದು. ನಮ್ಮ ರಾಮಚಂದ್ರಾಪುರಂನ ಬಿಎಚ್‌ಇಎಲ್ ಕಾರ್ಖಾನೆ 1960ರ ದಶಕದಲ್ಲಿ ಮೇಲೆದ್ದದ್ದು ಆಗಿನ ಚೆಕೊಸ್ಲೊವಾಕಿಯದ ಸಹಕಾರದಿಂದ. ನಿಮ್ಮಲ್ಲಿ ಎಷ್ಟೋ ಮನೆಗಳ ಅನ್ನದ ದಾರಿ ಆ ಕಾರ್ಖಾನೆಯಿಂದಲೇ ಬಂದಿದೆ.

ಲಿದಿತ್ಸೆ ದೊಡ್ಡ ಊರೇನಲ್ಲ. ನೂರರಷ್ಟು ಮನೆ, ಐನೂರರಷ್ಟು ಜನ, ಸಂತ ಮಾರ್ಟಿನ್ ಹೆಸರಿನ ಒಂದು ಚರ್ಚು, ಒಂದು ಶಾಲೆ. ಹತ್ತಿರದಲ್ಲೇ ಕ್ಲಾದ್ನೋ ಎಂಬ ಪಟ್ಟಣ. ಅಲ್ಲಿ ಕಲ್ಲಿದ್ದಲು ಗಣಿ, ಜೊತೆಗೆ ಪೋಲ್ದಿ ಎಂಬ ದೊಡ್ಡ ಉಕ್ಕಿನ ಕಾರ್ಖಾನೆ. ಲಿದಿತ್ಸೆಯ ಗಂಡಸರಲ್ಲಿ ಬಹಳಷ್ಟು ಜನ ದಿನವೂ ಅಲ್ಲಿಗೆ ಹೋಗಿ ದುಡಿಯುತ್ತಿದ್ದರು. ಸಂಜೆ ಬಂದು ಮನೆಯ ಹಿಂದಿನ ತೋಟ, ಕೋಳಿ, ಆಡು ನೋಡಿಕೊಳ್ಳುತ್ತಿದ್ದರು.

1939ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆ ನಾಡನ್ನು ಹಿಡಿಯಿತು. ಕ್ಲಾದ್ನೋದ ಉಕ್ಕು ಜರ್ಮನಿಯ ಯುದ್ಧಕ್ಕೆ ಹೋಗತೊಡಗಿತು. ರೇಡಿಯೋ ಕೇಳುವುದಕ್ಕೂ ಕಟ್ಟುಪಾಡು ಬಂತು. ವಿದೇಶಿ ಕೇಂದ್ರ ಕೇಳಿದರೆ ಜೈಲು, ಕೆಲವೊಮ್ಮೆ ಮರಣದಂಡನೆ. ಪ್ರತಿ ರೇಡಿಯೋ ಪೆಟ್ಟಿಗೆಗೂ ಈ ಎಚ್ಚರಿಕೆಯ ಚೀಟಿಯೊಂದನ್ನು ತೂಗುಹಾಕಿರಬೇಕು. ಲಂಡನ್ ಕೇಳಿಸಬಾರದೆಂದು ಪೆಟ್ಟಿಗೆಯೊಳಗಿನ ಶಾರ್ಟ್‌ವೇವ್ ಭಾಗವನ್ನೇ ಕಿತ್ತುಹಾಕಿಸಿದರು. ಜನ ಸುಮ್ಮನಿದ್ದರೇ? ತಂತಿ ಸುತ್ತಿದ ಸಣ್ಣದೊಂದು ಉಪಕರಣ ಮಾಡಿ ಒಳಗೆ ಸಿಕ್ಕಿಸಿ ಬಿಬಿಸಿ ಕೇಳಿದರು. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಹೆಸರಿನಿಂದ ಅದಕ್ಕೆ 'ಚರ್ಚಿಲ್ಕ' ಎಂದು ಅಡ್ಡಹೆಸರನ್ನೂ ಇಟ್ಟುಕೊಂಡರು. ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚಿದ್ದ ನಮ್ಮ ಹಿರಿಯ ಕೇಳುಗರಿಗೆ ಈ ಮಾತು ಇಷ್ಟವಾದೀತು.

1941ರ ಸೆಪ್ಟೆಂಬರ್‌ನಲ್ಲಿ ರೈನ್‌ಹಾರ್ಡ್ ಹೈಡ್ರಿಖ್ ಎಂಬ ನಾಜಿ ನಾಯಕ ಆ ನಾಡಿನ ಆಡಳಿತ ಹಿಡಿದ. ಯಹೂದಿಗಳ ಸಾಮೂಹಿಕ ಹತ್ಯೆಯ ಯೋಜನೆಯಲ್ಲಿ ಮುಖ್ಯ ಪಾತ್ರ ಇವನದೇ. ಅವನನ್ನು ಮುಗಿಸಲು ಲಂಡನ್ನಿನಲ್ಲಿದ್ದ ಚೆಕೊಸ್ಲೊವಾಕ್ ಸರ್ಕಾರ ಯೋಧರನ್ನು ವಿಮಾನದಿಂದ ಇಳಿಸಿತು. 1942ರ ಮೇ 27ರಂದು ಯೋಸೆಫ್ ಗಾಬ್ಚಿಕ್, ಯಾನ್ ಕುಬಿಶ್ ಎಂಬ ಇಬ್ಬರು ಪ್ರಾಗ್‌ನ ರಸ್ತೆ ತಿರುವೊಂದರಲ್ಲಿ ಅವನ ಕಾರಿನ ಮೇಲೆ ಬಾಂಬ್ ಎಸೆದರು. ಗಾಯಗೊಂಡ ಹೈಡ್ರಿಖ್ ಜೂನ್ 4ರಂದು ಸತ್ತ. ಹಂತಕರು ಎಲ್ಲಿದ್ದಾರೆಂದು ನಾಜಿಗಳಿಗೆ ಗೊತ್ತಾಗಲಿಲ್ಲ. ಸಿಕ್ಕವರ ಮೇಲೆ ಸೇಡು ಶುರುವಾಯಿತು.

ಇಷ್ಟರಲ್ಲಿ ಲಿದಿತ್ಸೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಿದರೆ ನಂಬಲಾಗದಷ್ಟು ಕ್ಷುಲ್ಲಕ ಕಾರಣ. ಸ್ಲಾನಿ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಗೆ ಒಂದು ಕಾಗದ ಬಂತು. ಬರೆದವನು ಮದುವೆಯಾದ ಗಂಡಸು. ಹುಡುಗಿಯ ಸ್ನೇಹ ಕಡಿದುಕೊಳ್ಳಬೇಕಾಗಿತ್ತು. ತಾನೇನೋ ದೊಡ್ಡ ರಹಸ್ಯ ಕಾರ್ಯದಲ್ಲಿದ್ದೇನೆ, ಇನ್ನು ಭೇಟಿಯಾಗಲು ಆಗುವುದಿಲ್ಲ ಎಂಬ ಅರ್ಥ ಬರುವಂತೆ ಬರೆದಿದ್ದ. ಹುಡುಗಿ ಅಂದು ಕೆಲಸಕ್ಕೆ ಬಂದಿರಲಿಲ್ಲ. ಕಾರ್ಖಾನೆಯ ಮಾಲೀಕ ಕಾಗದ ಒಡೆದು ಓದಿ ಪೊಲೀಸರಿಗೆ ಕೊಟ್ಟ. ಅದು ಗೆಸ್ಟಾಪೊ ಎಂಬ ನಾಜಿ ರಹಸ್ಯ ಪೊಲೀಸರ ಕೈ ಸೇರಿತು.

ವಿಚಾರಣೆಯಲ್ಲಿ ಆ ಹುಡುಗಿಯ ಬಾಯಿಂದ ಲಿದಿತ್ಸೆಯ ಹೊರಾಕ್ ಮನೆತನದ ಹೆಸರು ಬಂತು. ಆ ಮನೆಯ ಮಗನೊಬ್ಬ, ಅದೇ ಊರಿನ ಸ್ಟ್ರೀಬ್ರ್ನಿ ಮನೆಯ ಮಗನೊಬ್ಬ ದೇಶ ಬಿಟ್ಟು ಹೋಗಿ ಬ್ರಿಟನ್ನಿನಲ್ಲಿ ಸೇನೆ ಸೇರಿದ್ದರು. ಅಷ್ಟೇ. ಊರಿನಲ್ಲಿ ಹುಡುಕಿದರು, ಆಯುಧ ಸಿಗಲಿಲ್ಲ, ಟ್ರಾನ್ಸ್‌ಮಿಟರ್ ಸಿಗಲಿಲ್ಲ, ಹಂತಕರ ಸುಳಿವೂ ಸಿಗಲಿಲ್ಲ. ಹೈಡ್ರಿಖ್ ಹತ್ಯೆಗೂ ಲಿದಿತ್ಸೆಗೂ ಸಂಬಂಧವಿಲ್ಲ ಎಂಬುದು ವಿಚಾರಣೆ ಮಾಡಿದವರಿಗೆ ಗೊತ್ತಿತ್ತು. ನಾನು ಈ ಭಾಗವನ್ನು ಸ್ವಲ್ಪ ಎಳೆದು ಹೇಳಿದ್ದಕ್ಕೆ ಕಾರಣವಿದೆ. ಆ ಊರಿನವರು ಏನೋ ಮಾಡಿದ್ದಕ್ಕೆ ಶಿಕ್ಷೆಯಾಯಿತು ಎಂದು ಈಗಲೂ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ನಾಜಿಗಳಿಗೆ ಬೇಕಾಗಿದ್ದದ್ದು ಎಲ್ಲರಿಗೂ ತೋರಿಸಲು ಒಂದು ಊರು.

ಜೂನ್ 9ರಂದು ಬರ್ಲಿನ್‌ನಲ್ಲಿ ಹೈಡ್ರಿಖ್‌ನ ಅಂತ್ಯಕ್ರಿಯೆ. ಅದೇ ದಿನ ಹಿಟ್ಲರನ ಆದೇಶವನ್ನು ಕಾರ್ಲ್ ಹೆರ್ಮಾನ್ ಫ್ರಾಂಕ್ ಎಂಬ ಅಧಿಕಾರಿ ಬರ್ಲಿನ್‌ನಿಂದ ಪ್ರಾಗ್‌ಗೆ ಫೋನಿನಲ್ಲಿ ತಿಳಿಸಿದ. ಗಂಡಸರನ್ನೆಲ್ಲ ಗುಂಡಿಟ್ಟು ಕೊಲ್ಲುವುದು, ಹೆಂಗಸರನ್ನು ಸೆರೆಶಿಬಿರಕ್ಕೆ ಕಳಿಸುವುದು, ಜರ್ಮನರನ್ನಾಗಿ ಮಾಡಲು ತಕ್ಕ ಮಕ್ಕಳನ್ನು ಜರ್ಮನ್ ಮನೆಗಳಿಗೆ ಕೊಡುವುದು, ಊರನ್ನು ಸುಟ್ಟು ನೆಲಸಮ ಮಾಡುವುದು.

ಅಂದು ರಾತ್ರಿಯೇ ಊರನ್ನು ಸುತ್ತುವರಿದರು. ಹದಿನೈದು ದಾಟಿದ ಗಂಡಸರನ್ನೆಲ್ಲ ಹೊರಾಕ್ ಮನೆಯ ಅಂಗಳಕ್ಕೆ ತಂದರು. ಹೆಂಗಸರು, ಮಕ್ಕಳನ್ನು ಮೊದಲು ಊರ ಶಾಲೆಗೆ, ಬೆಳಗಿನ ಜಾವ ಲಾರಿಗಳಲ್ಲಿ ಕ್ಲಾದ್ನೋದ ಹೈಸ್ಕೂಲಿಗೆ ಸಾಗಿಸಿದರು. ಜೂನ್ 10ರ ಬೆಳಿಗ್ಗೆ ಕೊಟ್ಟಿಗೆಯ ಗೋಡೆಗೆ ಮನೆಮನೆಯಿಂದ ತಂದ ಹಾಸಿಗೆಗಳನ್ನು ಒರಗಿಸಿದರು, ಗುಂಡು ಗೋಡೆಗೆ ಬಡಿದು ಹಿಂದಕ್ಕೆ ಸಿಡಿಯದಿರಲಿ ಎಂದು. ಮೊದಲು ಐದೈದು ಜನರಂತೆ ನಿಲ್ಲಿಸಿ ಕೊಂದರು. ನಿಧಾನವಾಯಿತೆಂದು ಹತ್ತತ್ತು ಮಾಡಿದರು. ಹೀಗೆ 173 ಜನ. ಅವರಲ್ಲಿ 70 ದಾಟಿದ ಪಾದ್ರಿ ಯೋಸೆಫ್ ಶ್ಟೆಂಬೆರ್ಕಾ ಕೂಡ ಇದ್ದರು.

ಗಣಿ ಊರುಗಳನ್ನು ಬಲ್ಲವರಿಗೆ ಇಲ್ಲೊಂದು ಪ್ರಶ್ನೆ ಬಂದೇ ಬರುತ್ತದೆ. ರಾತ್ರಿ ಪಾಳಿಗೆ ಹೋದವರು ಏನಾದರು? ಅವರನ್ನೂ ಬಿಡಲಿಲ್ಲ. ಪಾಳಿಗೆ ಹೋದವರೂ ಸೇರಿ ಆ ರಾತ್ರಿ ಊರಲ್ಲಿಲ್ಲದ 11 ಗಂಡಸರನ್ನು ಹುಡುಕಿ ಹಿಡಿದು ಪ್ರಾಗ್‌ನಲ್ಲಿ ಕೊಂದರು. ಹೊರಾಕ್, ಸ್ಟ್ರೀಬ್ರ್ನಿ ಮನೆತನಗಳ 8 ಗಂಡಸರು, 7 ಹೆಂಗಸರಿಗೂ ಅದೇ ಗತಿ. ಒಟ್ಟು 192 ಗಂಡಸರು. ಬದುಕಿದ ಒಬ್ಬನ ಕಥೆ ವಿಚಿತ್ರ. ಹಳೆಯ ಅಪರಾಧವೊಂದಕ್ಕೆ ಜೈಲಿನಲ್ಲಿದ್ದ ಆತ 1942ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ ಮನೆಗೆ ನಡೆದುಕೊಂಡು ಬಂದ. ಊರು ಇದ್ದ ಜಾಗದಲ್ಲಿ ಬಯಲಿತ್ತು.

ಅಷ್ಟು ಹೊತ್ತಿಗೆ ಮನೆಗಳನ್ನು ಸುಟ್ಟು, ಉಳಿದ ಗೋಡೆಗಳನ್ನು ಸಿಡಿಮದ್ದಿನಿಂದ ಉರುಳಿಸಿ ಆಗಿತ್ತು. ಚರ್ಚು ಹೋಯಿತು. ಸ್ಮಶಾನದ ಗೋರಿಗಳನ್ನು ಅಗೆದರು. ಮರ ಕಡಿದರು. ಊರ ನಡುವೆ ಹರಿಯುತ್ತಿದ್ದ ಹಳ್ಳದ ದಾರಿಯನ್ನೇ ತಿರುಗಿಸಿದರು. ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದೂ ಇಟ್ಟರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಆ ಚಿತ್ರವೇ ಅವರ ವಿರುದ್ಧ ಸಾಕ್ಷಿಯಾಯಿತು.

ಈಗ ನಮ್ಮ ರೇಡಿಯೋ ವಿಷಯಕ್ಕೆ ಬರುತ್ತೇನೆ. ನಾಜಿಗಳು ಸಾಮಾನ್ಯವಾಗಿ ತಮ್ಮ ಹತ್ಯೆಗಳನ್ನು ಮುಚ್ಚಿಡುತ್ತಿದ್ದರು. ಲಿದಿತ್ಸೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಜೂನ್ 10ರಂದೇ ರೇಡಿಯೋದಲ್ಲಿ ಬಹಿರಂಗವಾಗಿ ಸಾರಿದರು. ಹಂತಕರಿಗೆ ನೆರವಾದ ಊರು ಇದು, ಗಂಡಸರನ್ನು ಗುಂಡಿಟ್ಟು ಕೊಂದಿದ್ದೇವೆ, ಹೆಂಗಸರನ್ನು ಶಿಬಿರಕ್ಕೆ ಕಳಿಸಿದ್ದೇವೆ, ಮಕ್ಕಳನ್ನು ತಕ್ಕ ಪಾಲನೆಗೆ ಒಪ್ಪಿಸಿದ್ದೇವೆ, ಊರನ್ನು ನೆಲಸಮ ಮಾಡಿ ಅದರ ಹೆಸರನ್ನು ಅಳಿಸಿದ್ದೇವೆ ಎಂಬುದು ಆ ಪ್ರಕಟಣೆಯ ಸಾರ. ಹೆದರಿಸುವುದಕ್ಕಾಗಿಯೇ ಮಾಡಿದ ಪ್ರಸಾರ ಅದು.

ಆ ಪ್ರಕಟಣೆಯಲ್ಲಿ ನಿಜವೂ ಇತ್ತು, ಸುಳ್ಳೂ ಇತ್ತು. ಕೊಂದದ್ದು ನಿಜ. ಹಂತಕರಿಗೆ ನೆರವಾದದ್ದು ಸುಳ್ಳು. ಅತಿ ದೊಡ್ಡ ಸುಳ್ಳು ಮಕ್ಕಳದ್ದು.

ಲಿದಿತ್ಸೆಯ ಮಕ್ಕಳು 105. ಕ್ಲಾದ್ನೋದ ಹೈಸ್ಕೂಲಿನಲ್ಲಿ ಜೂನ್ 12ರಂದು ಅವರನ್ನು ತಾಯಂದಿರಿಂದ ಬೇರೆ ಮಾಡಿದರು. ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ, ನೀವು ರೈಲಿನಲ್ಲಿ ಹೋಗಿ, ಅಲ್ಲಿ ಸೇರುತ್ತೀರಿ ಎಂಬಂಥ ಮಾತು ಹೇಳಿ ಹೆಂಗಸರನ್ನು ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಕಳಿಸಿದರು. ಮಕ್ಕಳಲ್ಲಿ ಹೆಚ್ಚಿನವರನ್ನು ಪೋಲೆಂಡಿನ ಲೋಡ್ಜ್ ನಗರದ ಶಿಬಿರಕ್ಕೆ ಒಯ್ದರು. ಉಟ್ಟ ಬಟ್ಟೆಯಲ್ಲೇ ಹೋದ ಮಕ್ಕಳು. ಅಲ್ಲಿಂದ ನೆಂಟರಿಗೆ ಕಾರ್ಡು ಬರೆದರು, ಬಟ್ಟೆ ಕಳಿಸಿ, ಬ್ರೆಡ್ಡು ಕಳಿಸಿ ಎಂದು. 'ಜರ್ಮನರಾಗಲು ತಕ್ಕವರು' ಎಂದು ಕೆಲವೇ ಮಕ್ಕಳನ್ನು ಆರಿಸಿ ತೆಗೆದರು. ಉಳಿದ 82 ಮಕ್ಕಳನ್ನು ಖೆಲ್ಮ್ನೋ ಎಂಬಲ್ಲಿ ವಿಷಾನಿಲದ ಲಾರಿಯಲ್ಲಿ ಕೊಂದರು. ಇದನ್ನು ಯಾವ ರೇಡಿಯೋ ಕೂಡ ಹೇಳಲಿಲ್ಲ. ಶಿಬಿರದಲ್ಲಿದ್ದ ತಾಯಂದಿರು ಮೂರು ವರ್ಷ ಮಕ್ಕಳು ಎಲ್ಲೋ ಬೆಳೆಯುತ್ತಿದ್ದಾರೆ ಎಂದುಕೊಂಡೇ ಇದ್ದರು. 1945ರಲ್ಲಿ 143 ಹೆಂಗಸರು ಮರಳಿ ಬಂದಾಗ ಗೊತ್ತಾಯಿತು. ಮರಳಿ ಸಿಕ್ಕ ಮಕ್ಕಳು 17 ಮಾತ್ರ. ಜರ್ಮನ್ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಕೆಲವರಿಗೆ ಚೆಕ್ ಮಾತು ಮರೆತೇ ಹೋಗಿತ್ತು. ಹೆತ್ತ ತಾಯಿಯ ಜೊತೆ ಮಾತಾಡಲು ಭಾಷೆ ಇರಲಿಲ್ಲ. ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸಲು ಹೆಣಗುವ ನಮ್ಮಂಥವರು ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲಾರೆವು. ಆದರೆ ನಮ್ಮದು ಬೇರೆ, ಅವರದು ಬೇರೆ. ಅವರಿಂದ ಭಾಷೆಯನ್ನು ಬಲವಂತವಾಗಿ ಕಿತ್ತುಕೊಂಡಿದ್ದರು.

ಹೆಸರು ಅಳಿಸಿದ್ದೇವೆ ಎಂದು ಹೇಳಲು ಆ ಹೆಸರನ್ನು ಉಚ್ಚರಿಸಲೇಬೇಕಾಯಿತಲ್ಲ. ಅಲ್ಲಿಯವರೆಗೆ ಕ್ಲಾದ್ನೋ ಸುತ್ತಮುತ್ತ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಊರು ಪ್ರಪಂಚಕ್ಕೆಲ್ಲ ಗೊತ್ತಾಯಿತು. ಸುಮಾರು ಒಂದು ತಿಂಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಬಡಾವಣೆ ತನ್ನ ಹೆಸರನ್ನು ಲಿದಿತ್ಸೆ ಎಂದು ಬದಲಿಸಿಕೊಂಡಿತು. ಮೆಕ್ಸಿಕೊ, ಬ್ರೆಜಿಲ್, ವೆನೆಜುವೆಲಾಗಳಲ್ಲೂ ಆ ಹೆಸರಿನ ಜಾಗಗಳಾದವು. ಲ್ಯಾಟಿನ್ ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರಿಟ್ಟರು. ಅಕ್ಟೋಬರ್ 19ರಂದು ಕವಯಿತ್ರಿ ಎಡ್ನಾ ಸೇಂಟ್ ವಿನ್ಸೆಂಟ್ ಮಿಲೇ ಈ ಊರಿನ ಮೇಲೆ ಬರೆದ ನೀಳ್ಗವನ ಎನ್‌ಬಿಸಿ ರೇಡಿಯೋದಲ್ಲಿ ಪ್ರಸಾರವಾಯಿತು. ಕವಿತೆಯಾಗಿ ಅದು ಅವರ ಉತ್ತಮ ರಚನೆಗಳ ಸಾಲಿಗೆ ನಿಲ್ಲುವುದಿಲ್ಲ. ಪ್ರಸಾರವಾಗಿ ಅದರ ಕೆಲಸ ದೊಡ್ಡದು.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಎನ್ನಿಸುವುದು ಇಂಗ್ಲೆಂಡಿನ ಗಣಿ ಕಾರ್ಮಿಕರ ಪ್ರತಿಕ್ರಿಯೆ. ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿದೆ. ಪಿಂಗಾಣಿಗೂ ಕಲ್ಲಿದ್ದಲಿಗೂ ಹೆಸರಾದದ್ದು. ಅದೇ 1942ರ ಜನವರಿ 1ರಂದು ಅಲ್ಲಿನ ಸ್ನೀಡ್ ಗಣಿಯಲ್ಲಿ ಸ್ಫೋಟವಾಗಿ 57 ಗಂಡಸರು, ಹುಡುಗರು ಸತ್ತಿದ್ದರು. ಹೊಸ ವರ್ಷದ ದಿನ ಸಾಮಾನ್ಯವಾಗಿ ರಜೆ. ಯುದ್ಧಕ್ಕೆ ಕಲ್ಲಿದ್ದಲು ಬೇಕೆಂದು ಅಂದು ಕೆಳಗಿಳಿದಿದ್ದರು. ಆ ದುಃಖ ಆರುವ ಮೊದಲೇ ಲಿದಿತ್ಸೆಯ ಸುದ್ದಿ ಬಂತು. ಊರಿನ ವೈದ್ಯರೂ ಕೌನ್ಸಿಲರೂ ಆಗಿದ್ದ ಡಾ. ಬಾರ್ನೆಟ್ ಸ್ಟ್ರಾಸ್ ಕಾರ್ಮಿಕರ ಮುಂದೆ ಹೋದರು. ಇವರು ಗಣಿ, ಪಿಂಗಾಣಿ ಕೆಲಸಗಾರರ ಶ್ವಾಸಕೋಶದ ದೂಳುರೋಗಕ್ಕೆ ಪರಿಹಾರ ಸಿಗಬೇಕೆಂದು ಹೋರಾಡಿದವರು. ಕೆಜಿಎಫ್‌ನ ಹಳಬರಿಗೆ ಸಿಲಿಕೋಸಿಸ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಕಾರ್ಮಿಕರಿಗೆ ಈ ಡಾಕ್ಟರ ಮೇಲೆ ನಂಬಿಕೆ ಇತ್ತು.

ಸೆಪ್ಟೆಂಬರ್ 6ರಂದು ಸ್ಟೋಕ್‌ನ ವಿಕ್ಟೋರಿಯಾ ಹಾಲ್‌ನಲ್ಲಿ ದೊಡ್ಡ ಸಭೆ. ದೇಶಭ್ರಷ್ಟರಾಗಿದ್ದ ಚೆಕೊಸ್ಲೊವಾಕ್ ಅಧ್ಯಕ್ಷ ಎಡ್ವರ್ಡ್ ಬೆನೆಶ್ ಬಂದಿದ್ದರು. ಲಿದಿತ್ಸೆ ಸಾಯಬೇಕು ಎಂದು ಹಿಟ್ಲರ್ ಹೇಳಿದರೆ ಲಿದಿತ್ಸೆ ಬದುಕುತ್ತದೆ ಎಂದು ನಾವು ಹೇಳುತ್ತೇವೆ ಎಂಬ ಅರ್ಥದ ಹೆಸರಿಟ್ಟು ಚಳವಳಿ ಶುರುವಾಯಿತು. ಪಡಿತರದ ಕಾಲ, ಕೈಯಲ್ಲಿ ಕಾಸಿಲ್ಲದ ಕಾಲ. ಆದರೂ ಕೂಲಿಯಲ್ಲಿ ಉಳಿಸಿ ಕೊಟ್ಟರು. ಸುಮಾರು 32,000 ಪೌಂಡ್ ಕೂಡಿತು. ಮುಂದೆ ಊರನ್ನು ಇಂಗ್ಲೆಂಡಿನ ಕಾರ್ಮಿಕರೇ ಕಟ್ಟಿಸಿದರು ಎಂದು ಕೆಲವರು ಹೇಳುತ್ತಾರೆ. ಅದು ಸ್ವಲ್ಪ ಉಬ್ಬಿಸಿದ ಮಾತು, ಊರು ಕಟ್ಟಿಸಿದ್ದು ಮುಖ್ಯವಾಗಿ ಅಲ್ಲಿನ ಸರ್ಕಾರ. ಆದರೆ ಕಟ್ಟಬೇಕು ಎಂಬ ಮಾತು ಯುದ್ಧದ ನಡುವೆಯೇ ಹೊರಟದ್ದು ಈ ಗಣಿ ಊರಿನಿಂದ. ಅದೇ ಸುಮಾರಿಗೆ ವೇಲ್ಸ್‌ನ ಕುಮ್‌ಗೀದ್ ಎಂಬ ಗಣಿ ಹಳ್ಳಿಯಲ್ಲಿ ಹಂಫ್ರಿ ಜೆನ್ನಿಂಗ್ಸ್ ಒಂದು ಚಿತ್ರ ತೆಗೆದರು. ಲಿದಿತ್ಸೆಯಲ್ಲಿ ಆದದ್ದು ನಮ್ಮ ಊರಲ್ಲೇ ಆಗಿದ್ದರೆ ಎಂಬುದು ಕಥೆ. ನಟರಲ್ಲ, ಆ ಹಳ್ಳಿಯ ಗಣಿ ಕೆಲಸಗಾರರೂ ಅವರ ಮನೆಯವರೂ ಅಭಿನಯಿಸಿದರು.

ಇನ್ನೊಂದು ಊರಿನ ಮಾತನ್ನೂ ಹೇಳದೆ ಬಿಡಲಾಗದು. ಲೆಝಾಕಿ ಎಂಬುದು ಕಲ್ಲುಕುಟಿಗರ ಪುಟ್ಟ ಹಳ್ಳಿ, ಹತ್ತು ಮನೆಯೂ ಇಲ್ಲ. ಪ್ಯಾರಾಚೂಟ್ ಯೋಧರ ರೇಡಿಯೋ ಟ್ರಾನ್ಸ್‌ಮಿಟರ್ ಹತ್ತಿರದ ಕಲ್ಲುಕ್ವಾರಿಯಲ್ಲಿತ್ತು. ಅದಕ್ಕೆ 'ಲಿಬುಶೆ' ಎಂಬ ಹೆಸರು. ಲಂಡನ್‌ಗೆ ಸಂದೇಶ ಹೋಗುತ್ತಿದ್ದದ್ದು ಅದರಿಂದ. ಲೆಝಾಕಿಯವರು ನಿಜವಾಗಿಯೂ ನೆರವಾಗಿದ್ದರು. ಜೂನ್ 24ರಂದು ಊರನ್ನು ಸುಟ್ಟು 33 ಹಿರಿಯರನ್ನು ಕೊಂದರು. 13 ಮಕ್ಕಳಲ್ಲಿ ಮರಳಿದ್ದು ಇಬ್ಬರು ಅಕ್ಕತಂಗಿಯರು ಮಾತ್ರ. ಲಿದಿತ್ಸೆಗೆ ಪ್ರಪಂಚವೆಲ್ಲ ಕಣ್ಣೀರು ಹಾಕಿತು, ಲೆಝಾಕಿಯ ಹೆಸರು ಅಷ್ಟು ದೂರ ಹೋಗಲಿಲ್ಲ. ಅದನ್ನು ಮತ್ತೆ ಕಟ್ಟಲೂ ಇಲ್ಲ.

ಕಾರ್ಲ್ ಹೆರ್ಮಾನ್ ಫ್ರಾಂಕ್‌ನನ್ನು 1946ರಲ್ಲಿ ಪ್ರಾಗ್‌ನಲ್ಲಿ ಗಲ್ಲಿಗೇರಿಸಿದರು. 1947ರಲ್ಲಿ ಹಳೆಯ ಊರಿನ ಪಕ್ಕದಲ್ಲೇ ಹೊಸ ಲಿದಿತ್ಸೆಗೆ ಅಡಿಗಲ್ಲು ಬಿತ್ತು. ಹಳೆಯ ಜಾಗವನ್ನು ಹಾಗೆಯೇ ಹುಲ್ಲುಗಾವಲಾಗಿ ಬಿಟ್ಟಿದ್ದಾರೆ. ಎರಡರ ನಡುವೆ 1955ರಲ್ಲಿ ಗುಲಾಬಿ ತೋಟ ಮಾಡಿದರು. ನಾನಾ ದೇಶಗಳಿಂದ ಗಿಡಗಳು ಬಂದವು, ಅದರ ಹಿಂದೆಯೂ ಡಾ. ಸ್ಟ್ರಾಸ್ ಇದ್ದರು. ಶಿಲ್ಪಿ ಮಾರಿಯೆ ಉಖಿಟಿಲೋವಾ 1969ರಲ್ಲಿ ಆ 82 ಮಕ್ಕಳ ಮೂರ್ತಿ ಮಾಡಲು ಕೂತರು. ಇಪ್ಪತ್ತು ವರ್ಷ ಅದೇ ಕೆಲಸ. 1989ರಲ್ಲಿ ಆಕೆ ತೀರಿಕೊಂಡಾಗ ಕಂಚಿನ ಎರಕ ಮುಗಿದಿರಲಿಲ್ಲ. ಗಂಡ ಮುಂದುವರಿಸಿದರು. 2000ದ ಹೊತ್ತಿಗೆ 42 ಹುಡುಗಿಯರು, 40 ಹುಡುಗರು ಹುಲ್ಲಿನ ಅಂಚಿನಲ್ಲಿ ಗುಂಪಾಗಿ ನಿಂತರು.

ಇಷ್ಟೆಲ್ಲ ಓದಿದ ಮೇಲೆ ಬೀದರ್ ಕಡೆಯ ಕೇಳುಗರಿಗೆ ಗೋರಟಾ ನೆನಪಾಗಿರಬೇಕು. ಬಸವಕಲ್ಯಾಣದ ಹತ್ತಿರದ ಹಳ್ಳಿ. 1948ರ ಮೇ ತಿಂಗಳಲ್ಲಿ, ಪೊಲೀಸ್ ಕಾರ್ಯಾಚರಣೆಗೆ ನಾಲ್ಕು ತಿಂಗಳ ಮೊದಲು, ರಜಾಕಾರರು ನುಗ್ಗಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರೆಂದು ಆ ಭಾಗದ ಹಿರಿಯರು ಹೇಳುತ್ತಾರೆ. ಅದು ಗಣಿ ಊರಲ್ಲ, ಒಕ್ಕಲಿಗರ, ವ್ಯಾಪಾರಿಗಳ ಊರು. ಎರಡರ ಇತಿಹಾಸವನ್ನು ಒಂದೇ ತಕ್ಕಡಿಗೆ ಹಾಕುವುದೂ ಸರಿಯಲ್ಲ. ಆಗ ಹೈದರಾಬಾದಿನಲ್ಲಿದ್ದ ಡೆಕ್ಕನ್ ರೇಡಿಯೋ ನಿಜಾಮ ಸರ್ಕಾರದ ಕೈಯಲ್ಲಿತ್ತು. ಗೋರಟಾದ ಹೆಸರು ಹಿಡಿದು ಎಲ್ಲಿಯೂ ಬೇರೊಂದು ಊರು ಹುಟ್ಟಲಿಲ್ಲ. ಅಲ್ಲಿ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ, ಘಟನೆಯಾಗಿ 75 ವರ್ಷದ ಹೊತ್ತಿಗೆ.

ಆ ಕಾಲದ ಬೀದರ್, ಕಲಬುರಗಿ, ರಾಯಚೂರು ಕಂಡವರು ಈಗ 85, 90 ದಾಟಿದ್ದಾರೆ. ಕಾಚಿಗುಡದಲ್ಲೋ, ಸಿಕಂದರಾಬಾದಿನಲ್ಲೋ ಮಗನ ಮನೆಯಲ್ಲಿ, ಮೊಮ್ಮಗಳ ಮನೆಯಲ್ಲಿ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಡಿ. ಫ್ಯಾನ್ ಆರಿಸಿ, ಫೋನನ್ನು ಅವರ ಹತ್ತಿರವೇ ಇಡಿ, ನಡುವೆ ಬಾಯಿ ಹಾಕಬೇಡಿ. ಊರಿನ ಹೆಸರು, ಮನೆಯ ಹಿರಿಯರ ಹೆಸರು, ಇಸವಿ ಮೊದಲೇ ಕೇಳಿಕೊಳ್ಳಿ. ಹೆಸರುಗಳನ್ನು ಅವರು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಬರೆದುಕೊಳ್ಳಿ.